ಹನ್ನೊಂದು ಹನ್ನೊಂದು

ಬುಧವಾರ, ಗ್ರಿಮ್ಸ್‌ಬಿಯ ಫ್ರೀಮನ್ ಸ್ಟ್ರೀಟಿನ ಹಿಂದೆ
ಚರ್ಚಿನ ಹಾಲಿನಲ್ಲಿ ರಿಪೇರಿ ಮೇಜು.
ಒಬ್ಬ ಟೋಸ್ಟರು ಬಿಚ್ಚುತ್ತಾನೆ, ಒಬ್ಬಳು ಛತ್ರಿಯ ಬಟ್ಟೆ ಹೊಲಿಯುತ್ತಾಳೆ,
ಕಂಪ್ಯೂಟರು ನನ್ನ ಪಾಲು.
ಬಿಸ್ಕತ್ತಿನ ಡಬ್ಬಿ ಎಲ್ಲರ ಪಾಲು.

ಬೆರಿಲ್ ತಂದದ್ದು ಹಳೇ ಲ್ಯಾಪ್‌ಟಾಪು,
ದಿಂಬಿನ ಚೀಲದಲ್ಲಿ ಸುತ್ತಿ, ಬಿಸಿ ಬ್ರೆಡ್ಡಿನ ಹಾಗೆ ಎದೆಗವಚಿ.
"ಒಳಗೆ ಹೋಗಬೇಕಿಲ್ಲ ನನಗೆ," ಅಂದಳು ಮೊದಲೇ,
"ಗಡಿಯಾರವನ್ನು ಸ್ವಲ್ಪ ಆಚೆ ಸರಿಸಿಕೊಡು."

ಗುಂಡಿ ಒತ್ತಿದೆ. ಬೂದು ಕಡಲು, ಇಳಿತ ಬಿಟ್ಟುಹೋದ ಕೆಸರು,
ಕ್ಲೀಥಾರ್ಪ್ಸಿನ ದಂಡೆ; ಎಡಮೂಲೆಯಲ್ಲಿ
ಮಗುಚಿದ ಮೀನಿನ ಪೆಟ್ಟಿಗೆಯ ಮೇಲೆ ಒಬ್ಬ ಗಂಡಸು,
ಮಂಡಿಯ ಮೇಲೆ ಕೈ, ಕುತ್ತಿಗೆಯವರೆಗೆ ಸ್ವೆಟರು,
ಕುತ್ತಿಗೆಯಿಂದ ಮೇಲೆ ಹತ್ತು ಗಂಟೆ ನಲವತ್ತೆಂಟು ನಿಮಿಷ.

"ಸಿಡ್," ಅಂದಳು. "ಹಾಕಿಕೊಂಡದ್ದು ಅವನೇ. ಫೋಟೋ ತೆಗೆದದ್ದು ನಾನು.
ಅವನನ್ನು ಮೂಲೆಗೆ ಕೂರಿಸಿ ಕಡಲನ್ನು ಹಿಡಿದೆ, ತಪ್ಪು ನನ್ನದು.
ಎಂಟು ದೊಡ್ಡ ಹೊಟ್ಟೆಯದು, ಪೂರಾ ನುಂಗುತ್ತದೆ.
ಸೊನ್ನೆಯಲ್ಲಿ ಒಂದು ಕಿವಿ ಸಿಗುತ್ತದೆ.
ಹನ್ನೊಂದು ಹನ್ನೊಂದಕ್ಕೆ ಮಾತ್ರ, ಒಂದೇ ನಿಮಿಷ,
ಕಣ್ಣು ಕಾಣುತ್ತವೆ.
ಆ ಹೊತ್ತಿಗೆ ಟೀ ಮಾಡಿಕೊಂಡು ಕೂತಿರುತ್ತೇನೆ."

ಹೌದಲ್ಲ, ಇಲ್ಲಿಯ ಒಂದು ಸಪೂರ, ನೆಟ್ಟ ಕೋಲು;
ನಾಲ್ಕು ಕೋಲಿನ ಬೇಲಿಯಾಚೆ ಮನುಷ್ಯ ಸಿಗುತ್ತಾನೆ.
ನಮ್ಮ ೧ ಆಗಿದ್ದರೆ ದುಂಡಗೆ ಸುತ್ತಿ
ಎರಡು ಜೊತೆ ಕನ್ನಡಕ ಏರಿಸಿಬಿಡುತ್ತಿತ್ತು ಸಿಡ್‌ನ ಮೂಗಿಗೆ.
ಬರೆದು ತೋರಿಸಿದೆ, ಯಾವುದೋ ರಸೀದಿಯ ಹಿಂಬದಿಗೆ.
ನಕ್ಕಳು. "ಓದುವ ಕನ್ನಡಕ ಬಸ್ಸಲ್ಲೇ ಬಿಟ್ಟು ಬರುತ್ತಿದ್ದ."

ಪಾಸ್‌ವರ್ಡಿಲ್ಲದೆ ಏನೂ ಕದಲದು. ಕನ್ನಡಿಯೊಳಗಿನ ಗಂಟು.
ಬ್ಯಾಟರಿ ಕಳಚಿದರೆ ಅದರಡಿ ಟೇಪು,
ಟೇಪಿನಡಿ ಅವನ ಕೈಬರಹ: ದೋಣಿಯ ಹೆಸರು, ಮದುವೆಯ ವರ್ಷ.
ಅದೂ ತಪ್ಪು ವರ್ಷ, ಅಂದಳು ಬೆರಿಲ್,
ಬಿಸ್ಕತ್ತಿನ ಡಬ್ಬಿಯತ್ತ ಮುಖ ತಿರುಗಿಸಿ.
ಒಳಗಿನ ಪರದೆಗೆ ಅವನು ಹಾಸಿಕೊಂಡಿದ್ದು
ಉಬ್ಬರ ಇಳಿತದ ಪಟ್ಟಿ, ಮೂರು ವರ್ಷ ಹಿಂದಿನ ಮಾರ್ಚಿನದು.
ಅವಳು ಕೇಳಲಿಲ್ಲ; ನಾನು ಹೇಳಲಿಲ್ಲ.

ಗಡಿಯಾರ ಸರಿಯದು. ಅದು ಕಂಪನಿ ಹೊಡೆದ ಮೊಳೆ.
ಮನುಷ್ಯನನ್ನೇ ಸರಿಸಬೇಕು.
ಸುಲಭದ ದಾರಿ ಹಿಡಿದೆ: ಚಿತ್ರವನ್ನು ಎಡಬಲ ಮಗುಚಿದೆ.
ಸಿಡ್ ಬಲಮೂಲೆಗೆ ಬಂದ, ಪೂರ್ತಿ ಮುಖ, ಗಾಳಿಗೆ ಕಿರಿದಾದ ಕಣ್ಣು.
ಗಡಿಯಾರ ಕೆಸರಿನ ಮೇಲೆ. ಎರಡು ನಿಮಿಷದ ಕೆಲಸ.
ಬೆರಿಲ್ ಕಾಗದದಲ್ಲಿ ಸುತ್ತಿದ ಎರಡು ಹೊಗೆಮೀನು ಕೊಟ್ಟು ಹೋದಳು,
ನಾನು ತಿನ್ನುವವಳಲ್ಲ ಎನ್ನಲು ಬಾಯಿ ಬರಲಿಲ್ಲ.

ಮುಂದಿನ ಬುಧವಾರ ಬಾಗಿಲು ತೆಗೆಯುವ ಮೊದಲೇ ನಿಂತಿದ್ದಳು,
ಅದೇ ದಿಂಬಿನ ಚೀಲ.
"ಇವನು ಸಿಡ್ ಅಲ್ಲ."

ಮಂಡಿಯ ಮೇಲಿನ ಕೈ ತೋರಿಸಿದಳು. ಕಿರುಬೆರಳಿಲ್ಲದ ಕೈ.
"ಚಾಕು ತೆಗೆದದ್ದು ಎಡದ್ದನ್ನು. ನನ್ನ ಕೈ ಹಿಡಿಯುತ್ತಿದ್ದದ್ದು ಎಡದ್ದು.
ಕ್ರಾಪು ಕೂಡ ತಪ್ಪು ಕಡೆಗೆ ಬಾಚಿದೆ. ಮೂರು ದಿನ ನೋಡಿದೆ,
ಯಾರೋ ಅವನ ಸ್ವೆಟರು ಹಾಕಿಕೊಂಡು ಕೂತ ಹಾಗೆ."

ಸಿಡ್ ತನ್ನನ್ನು ನೋಡಿಕೊಂಡದ್ದು ಹೀಗೇ ಇರಬೇಕು,
ಐವತ್ತು ವರ್ಷ, ಕ್ಷೌರದ ಹೊತ್ತಿಗೆ, ಅಂದುಕೊಂಡೆ. ಅನ್ನಲಿಲ್ಲ.
ಸರಿಯಾಗಿ ಮಾಡಿಕೊಡುತ್ತೇನೆ, ಅಂದೆ:
ಎಡಕ್ಕೆ ಇನ್ನಷ್ಟು ಕಡಲು ಬೆಸೆದು
ಅವನನ್ನು ನಡುವಿಗೆ ತರಬಹುದು, ಅರ್ಧ ಗಂಟೆ ಸಾಕು.

"ಅಲ್ಲಿ ಇಲ್ಲದ ಕಡಲನ್ನೆ?" ಅಂದಳು.
"ಬೇಡ. ಇದ್ದ ಹಾಗೇ ಇಡು."

ಇಟ್ಟೆ. ಹತ್ತು ಐವತ್ತಾರು, ಮತ್ತೆ ಅವನ ಮುಖದ ಮೇಲೆ.
ಅವಳು ಹೊರಡಲಿಲ್ಲ.
ಟೋಸ್ಟರಿನವನಿಂದ ಒಂದು ಕುರ್ಚಿ ಇಸಕೊಂಡು,
ಕೆಟಲಿಗೆ ನೀರು ಹಾಕು ಅಂತ ನನಗೆ ಹೇಳಿ,
ಕೋಟಿನ ಗುಂಡಿ ಬಿಚ್ಚಿ ಕೂತಳು.